ಹೇಳಬಾರದ ಮದ್ದು

ನನ್ನ ಕಾಲಿನ ಅಳತೆ ಎಂಟು. ಮೂವತ್ತು ವರ್ಷದಿಂದ ಬೆಳ್ತಂಗಡಿಯಲ್ಲಿ ಚಪ್ಪಲಿ ಅಂಗಡಿ ಇಟ್ಟುಕೊಂಡವನಿಗೆ ಊರವರ ಕಾಲಿನ ಅಳತೆಯೇ ಬಾಯಿಪಾಠ, ಇನ್ನು ಸ್ವಂತದ್ದು ತಪ್ಪುತ್ತದೆಯೇ? ಆದರೆ ಹೋದ ವರ್ಷ ಮಳೆಗಾಲ ಮುಗಿದ ಮೇಲೆ ಒಂದು ಸಂಜೆ ನನ್ನ ಎಂಟರ ಚಪ್ಪಲಿ ನನ್ನ ಕಾಲಿಗೆ ಹಿಡಿಸಲಿಲ್ಲ. ಕಂಪನಿಯವರು ಅಳತೆ ಕೆಡಿಸಿದ್ದಾರೆಂದು ಬೈದು ಬೇರೆ ಜೊತೆ ತೆಗೆದೆ. ಅದೂ ಬಿಗಿ. ಮೂರನೆಯದಕ್ಕೂ ಹೀಗೇ ಆದಾಗ ಸರಕು ಕಳಿಸುವವನಿಗೆ ಫೋನ್ ಮಾಡಿ ಜಗಳ ತೆಗೆದೆ. ಕೊನೆಗೆ ಒಂಬತ್ತರ ಜೊತೆಯೊಂದನ್ನು ಸಿಕ್ಕಿಸಿಕೊಂಡು ಲಾಯಿಲದ ಮನೆಗೆ ನಡೆದೆ. ದೋಷ ಕಾಲಿನದ್ದೇ ಇರಬಹುದೆಂದು ಈ ಪಂಡಿತನಿಗೆ ತೋಚಲೇ ಇಲ್ಲ.

ವಿಟ್ಲಕ್ಕೆ ಮದುವೆ ಮಾಡಿ ಕೊಟ್ಟ ಮಗಳು ಸಫಿಯಾ ಆ ವಾರ ಮನೆಗೆ ಬಂದಿದ್ದಳು. ನನ್ನ ಪಾದದ ಮೇಲೆ ಬೆರಳು ಒತ್ತಿ ತೆಗೆದಳು. ಒತ್ತಿದಲ್ಲಿ ಕುಳಿ ಹಾಗೆಯೇ ನಿಂತಿತು.

"ಬಾಪಾ, ಇದು ನೀರು. ನಾಳೆಯೇ ಡಾಕ್ಟರ ಹತ್ರ ಹೋಗುವ," ಎಂದಳು.

"ಅಂಗಡಿಯಲ್ಲಿ ದಿನವಿಡೀ ನಿಂತದ್ದಕ್ಕೆ ಮಾರಾಯ್ತಿ," ಎಂದೆ. ಅವಳು ಕೇಳಬೇಕಲ್ಲ.

ರಕ್ತ ಪರೀಕ್ಷೆಯಾಯಿತು, ಆಮೇಲೆ ಸ್ಕ್ಯಾನಿಂಗ್. ಸ್ಕ್ಯಾನಿಂಗ್ ಮಾಡಿದ ಡಾಕ್ಟರು ನಮ್ಮ ಗಿರಾಕಿಯೇ. ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚುತ್ತಾ ಮಗನ ಸ್ಕೂಲ್ ಶೂ ಆರೇ ತಿಂಗಳಿಗೆ ಬಾಯಿ ಬಿಟ್ಟದ್ದರ ಬಗ್ಗೆ ದೂರು ಹೇಳುತ್ತಿದ್ದರು. ಯಂತ್ರದ ಹಿಡಿ ಬಲಗಡೆ ಪಕ್ಕೆಯ ಕೆಳಗೆ ಬಂದಾಗ ಮಾತು ನಿಂತಿತು. ಅದೇ ಜಾಗದಲ್ಲಿ ಎರಡು ಸಲ, ಮೂರು ಸಲ ಆಡಿಸಿದರು. "ನಿಮ್ಮ ಜೊತೆ ಯಾರು ಬಂದಿದ್ದಾರೆ?" ಎಂದು ಕೇಳಿದರು. ಶೂ ವಿಷಯ ಅಲ್ಲಿಗೇ ಬಿಟ್ಟರು. ಅವರು ಇನ್ನೂ ಸ್ವಲ್ಪ ನನ್ನನ್ನು ಬೈಯಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಬರೆದು ಕೊಟ್ಟರು. ಅಲ್ಲಿ ಹೋದಲ್ಲೆಲ್ಲ ಒಂದೇ ಪ್ರಶ್ನೆ. ಚೀಟಿ ಬರೆಯುವವರು, ನರ್ಸು, ಚಿಕ್ಕ ಡಾಕ್ಟರು, ದೊಡ್ಡ ಡಾಕ್ಟರು, ಎಲ್ಲರೂ "ಕುಡಿತ ಉಂಟಾ?" ಎಂದು ಕೇಳಿದರು. ನಾಲ್ಕನೆಯ ಸಲ ನನ್ನ ಹೆಂಡತಿ ಮೈಮೂನಾ ಉತ್ತರ ಕೊಟ್ಟಳು: "ಉಂಟು. ಚಾ. ದಿನಕ್ಕೆ ಎಂಟು ಗ್ಲಾಸು." ದೊಡ್ಡ ಡಾಕ್ಟರು ನಕ್ಕರು. ಆಮೇಲೆ ನಗು ನಿಲ್ಲಿಸಿ ರಿಪೋರ್ಟ್ ತೆರೆದರು. ಹೆಪಟೈಟಿಸ್ ಬಿ ಎಂಬ ವೈರಸ್ ಎಷ್ಟೋ ವರ್ಷದಿಂದ ನನ್ನ ರಕ್ತದಲ್ಲಿ ಸದ್ದಿಲ್ಲದೆ ಇತ್ತಂತೆ. ಅದು ಲಿವರನ್ನು ಗಟ್ಟಿ ಮಾಡಿ, ಈಗ ಅಲ್ಲೊಂದು ಗಡ್ಡೆ ಎದ್ದಿದೆಯಂತೆ. ನಿಂಬೆಹಣ್ಣಿನಷ್ಟು. ಕ್ಯಾನ್ಸರ್.

ಆ ಶಬ್ದ ಕೇಳುವಾಗ ನಾನು ಡಾಕ್ಟರ ಕಾಲನ್ನೇ ನೋಡುತ್ತಿದ್ದೆ. ಹೆದರಿಕೆಯಾದರೆ ನನಗೆ ಮುಖ ನೋಡಲಾಗುವುದಿಲ್ಲ, ಕಣ್ಣು ತಾನಾಗಿ ಕೆಳಗೆ ಹೋಗುತ್ತದೆ. ಕಂದು ಲೇಸ್ ಶೂ, ಏಳರ ಅಳತೆ, ಎಡಗಾಲಿನ ಹಿಮ್ಮಡಿ ಸವೆದಿತ್ತು.

ಊರಿನಲ್ಲಿ ಸುದ್ದಿ ನಮಗಿಂತ ಮೊದಲೇ ಬಂದು ಕೂತಿತ್ತು. ಪಕ್ಕದ ಅಂಗಡಿಯ ಶೇಖರಣ್ಣ, ಇಪ್ಪತ್ತು ವರ್ಷದ ಸ್ನೇಹಿತ, ನನ್ನ ಹೆಗಲ ಮೇಲೆ ಕೈ ಇಟ್ಟು, "ಮೊದಲೇ ಬಿಟ್ಟಿದ್ರೆ ಆಗ್ತಿತ್ತಲ್ಲ ಹಸನಾಕ," ಎಂದರು. ಹಸನಬ್ಬನೆಂಬ ನನ್ನನ್ನು ಊರವರು ಕರೆಯುವುದು ಹಾಗೆ. ಒಂದು ತೊಟ್ಟು ಮುಟ್ಟದ ಮುಸಲ್ಮಾನ ಬ್ಯಾರಿಗೆ ಆ ಮಾತು! ಲಿವರ್ ಕೆಟ್ಟಿತೆಂದರೆ ಬಾಟಲಿ ಎಂದೇ ಅರ್ಥ, ಊರ ಬಾಯಿಗೆ ಬೀಗ ಹಾಕಲಾಗುವುದಿಲ್ಲ. ಇನ್ನು ನನ್ನ ಕಾಯಿಲೆಯ ಒಂದಕ್ಷರವನ್ನೂ ಯಾರಿಗೂ ಹೇಳುವುದಿಲ್ಲವೆಂದು ಅವತ್ತೇ ಬಾಯಿ ಹೊಲಿದುಕೊಂಡೆ. ಆ ಹಠ ನನ್ನನ್ನು ಎಲ್ಲಿಗೆ ಒಯ್ಯಿತೆಂದು ಹೇಳಲಿಕ್ಕೇ ಈಗ ಬರೆಯುತ್ತಿದ್ದೇನೆ.

ಚಿಕಿತ್ಸೆಯ ಬಗ್ಗೆ ಮಂಗಳೂರಿನ ದೊಡ್ಡ ಡಾಕ್ಟರು ಅಂದೇ ನಿಧಾನವಾಗಿ ತಿಳಿಸಿದ್ದರು. "ಆಪರೇಷನ್ ಮಾಡಿ ಗಡ್ಡೆ ತೆಗೆಯುವ ಹಾಗಿಲ್ಲ, ಉಳಿದ ಲಿವರ್ ತಾಳುವುದಿಲ್ಲ. ತೊಡೆಯ ಸಂದಿನ ರಕ್ತನಾಳದಿಂದ ಒಂದು ಸಣ್ಣ ನಳಿಕೆ ಹಾಕಿ ಗಡ್ಡೆಯ ಹತ್ತಿರಕ್ಕೇ ಹೋಗ್ತೇವೆ. ಕೀಮೋ ಮದ್ದನ್ನು ಅಲ್ಲಿಯೇ ಬಿಟ್ಟು, ಗಡ್ಡೆಗೆ ರಕ್ತ ಹೋಗುವ ದಾರಿಯನ್ನು ಮುಚ್ಚಿ ಬರ್ತೇವೆ. ಹೊಟ್ಟೆ ಕೊಯ್ಯುವುದಿಲ್ಲ. ಆದರೆ ಒಂದು ಷರತ್ತು ಉಂಟು. ರಕ್ತದಲ್ಲಿ ಕಾಮಾಲೆಯ ಅಂಶ ಎರಡರ ಒಳಗೆ ಇರಬೇಕು. ನಿಮ್ಮದು ಅಂಚಿನಲ್ಲಿದೆ. ಮಾತ್ರೆ ಕೊಡ್ತೇನೆ, ಹದಿನೈದು ದಿನ ಬಿಟ್ಟು ಬನ್ನಿ. ಅಂದು ಏರಿದ್ದರೆ ನಾನು ಮಾಡುವುದಿಲ್ಲ, ಲಿವರೇ ಕೈಕೊಡಬಹುದು."

ಅಷ್ಟೆಲ್ಲ ಮಾತಿನಲ್ಲಿ ನನ್ನ ತಲೆಯಲ್ಲಿ ಉಳಿದದ್ದು ಒಂದೇ ಶಬ್ದ, ಕಾಮಾಲೆ. ಚಪ್ಪಲಿ ಅಂಗಡಿಯ ಕನ್ನಡಿ ನೆಲದ ಮೇಲಿರುತ್ತದೆ, ಗಿರಾಕಿಗೆ ಕಾಲು ಕಾಣಲಿಕ್ಕೆ. ಗಿರಾಕಿ ಇಲ್ಲದಾಗ ನಾನು ಆ ಕನ್ನಡಿಯ ಮುಂದೆ ಮಂಡಿಯೂರಿ ಕಣ್ಣಿನ ರೆಪ್ಪೆ ಎಳೆದು ಹಳದಿ ಉಂಟೋ ಎಂದು ನೋಡುತ್ತಿದ್ದೆ. ಬೆಳಗ್ಗೆ ಒಮ್ಮೆ, ಮಧ್ಯಾಹ್ನ ನಾಲ್ಕು ಸಲ. ಒಂದು ಸಲ ಬಿಳಿ ಕಾಣುತ್ತಿತ್ತು, ಇನ್ನೊಂದು ಸಲ ಹಳದಿ. ಅಂಗಡಿಯ ಬಲ್ಬೇ ಹಳದಿ ಎಂದು ನೆನಪಾಗಿ ಬಲ್ಬ್ ಬದಲಾಯಿಸಿದೆ.

ಹೀಗಿರುವಾಗ ಮೈಮೂನಾಳ ತಮ್ಮ ಹನೀಫ್ ಅಂಗಡಿಗೆ ಬಂದ. ಬಿ.ಸಿ.ರೋಡಿನಲ್ಲಿ ಗ್ಯಾರೇಜ್ ಇಟ್ಟವನು. ನಮ್ಮನ್ನು ಮಂಗಳೂರಿಗೆ ಕರೆದೊಯ್ಯುವುದೂ ಅವನೇ. ಸುತ್ತ ನೋಡಿ, ಸ್ವರ ಇಳಿಸಿ ಹೇಳಿದ:

"ಬಾವ, ಡಾಕ್ಟರು ಹೇಳಿದ್ದು ಕಾಮಾಲೆ ಇಳಿಯಬೇಕು ಅಂತ ಅಲ್ವಾ? ಅದಕ್ಕೆ ನಮ್ಮ ವೇಣೂರಿನ ಗಿರಿಜಕ್ಕ ಇಲ್ವಾ ಮಾರಾಯ್ರೆ!"

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ನನಗೆ ಜೀವ ಬಂದ ಹಾಗಾಯಿತು. ನಮ್ಮ ಕಡೆ ಕಣ್ಣು ಹಳದಿಯಾದರೆ ಜನ ಮೊದಲು ಹೋಗುವುದು ಇಂಥ ಮನೆಗಳಿಗೆ. ಜಾತಿ ಮತ ಇಲ್ಲ, ಹಣ ಮುಟ್ಟುವುದಿಲ್ಲ, ತಲೆಮಾರಿನಿಂದ ಬಂದ ಬೇರಿನ ಮದ್ದು. ನನ್ನ ಉಮ್ಮನೂ ಚಿಕ್ಕಂದಿನಲ್ಲಿ ನನಗೆ ಅಂಥ ಮದ್ದು ಕುಡಿಸಿದ್ದಳು. ಕಟ್ಟಳೆ ಒಂದೇ. ಮದ್ದು ಮುಗಿಯುವವರೆಗೆ ತೆಗೆದುಕೊಂಡ ಸಂಗತಿ ಯಾರಿಗೂ ಹೇಳಬಾರದು. ಬಾಯಿಬಿಟ್ಟರೆ ಮದ್ದಿನ ಗುಣ ಹೋಯಿತು. ಯಾರಿಗೂ ಹೇಳಬಾರದೆಂದು ಮೊದಲೇ ಹಠ ಹಿಡಿದವನಿಗೆ ಇದಕ್ಕಿಂತ ಒಳ್ಳೆಯ ಮದ್ದು ಬೇಕೆ?

ಮೂಡುಬಿದಿರೆಗೆ ಸರಕು ನೋಡಲು ಹೋಗುತ್ತೇನೆಂದು ಮನೆಯಲ್ಲಿ ಸುಳ್ಳು ಹೇಳಿ ಬೆಳಗ್ಗೆ ಮೊದಲ ಬಸ್ಸು ಹತ್ತಿ ವೇಣೂರಿನಲ್ಲಿ ಇಳಿದೆ. ಗಿರಿಜಕ್ಕನ ಜಗಲಿಯಲ್ಲಿ ಆಗಲೇ ಆರೇಳು ಜನ. ಎಲ್ಲರ ಕಾಲೂ ನೋಡಿದೆ. ಊದಿದ ಕಾಲು ನನ್ನದೊಂದೇ. ಅಲ್ಲಿಯೇ ಎದ್ದು ಬರಬೇಕಿತ್ತು. ಎಪ್ಪತ್ತು ದಾಟಿದ ಆ ಅಮ್ಮ ನನ್ನ ಕಣ್ಣು, ಉಗುರು ನೋಡಿ ಕೇಳಿದರು:

"ಕಾಮಾಲೆ ಮಾತ್ರವಾ ಬ್ಯಾರಿಗಳೇ? ಬೇರೆ ಎಂತದಾದ್ರೂ ಉಂಟಾ?"

"ಇಲ್ಲಮ್ಮ," ಎಂದೆ.

ಹದಿನಾಲ್ಕು ಪೊಟ್ಟಣ ಪುಡಿ ಕೊಟ್ಟರು. ದಿನಕ್ಕೊಂದು, ಹಸಿದ ಹೊಟ್ಟೆಗೆ, ಮಜ್ಜಿಗೆಯಲ್ಲಿ. ಒಂದು ಶೂ ಪೆಟ್ಟಿಗೆಯಲ್ಲಿ ಅಡಗಿಸಿಟ್ಟು, ಬೆಳಗ್ಗೆ ಬೇಗ ಬಂದು ಅಂಗಡಿಯ ಬಾಗಿಲು ಅರ್ಧ ಎತ್ತಿ ಒಳಗೆ ಕೂತು ಕುಡಿದೆ. ಕಹಿಯೆಂದರೆ ಕಹಿ. ಕಹಿಯಾದಷ್ಟೂ ನನಗೆ ಧೈರ್ಯ ಬರುತ್ತಿತ್ತು.

ಆಸ್ಪತ್ರೆಯ ದಿನ ಬಂತು. ಕೈಗೆ ಹೆಸರಿನ ಪಟ್ಟಿ ಕಟ್ಟಿದರು, ಹಸಿರು ಅಂಗಿ ಹಾಕಿಸಿದರು. ರಕ್ತ ತೆಗೆದುಕೊಂಡು ಹೋದರು. ನೀರೂ ಕುಡಿಯುವ ಹಾಗಿರಲಿಲ್ಲ. ಬಾಯಿ ಒಣಗಿ ನಾಲಗೆ ಅಂಗುಳಕ್ಕೆ ಅಂಟುತ್ತಿತ್ತು. ಮೈಮೂನಾ ಪಕ್ಕದಲ್ಲಿ ಕೂತು ತಸ್ಬೀಹ್ ಮಣಿ ಎಣಿಸುತ್ತಿದ್ದಳು. ನನಗಿಂತ ಮೊದಲಿನವರನ್ನು ಒಳಗೆ ಕರೆದರು. ನನಗಿಂತ ಆಮೇಲೆ ಬಂದವರನ್ನೂ ಕರೆದರು. ನನ್ನ ಹೆಸರು ಬರಲಿಲ್ಲ. ಕೊನೆಗೆ ಕಂದು ಶೂ ನನ್ನ ಮಂಚದ ಹತ್ತಿರ ಬಂದು ನಿಂತಿತು.

"ಹಸನಬ್ಬ, ಕಾಮಾಲೆಯ ಅಂಶ ನಾಲ್ಕೂವರೆ ಆಗಿದೆ. ಲಿವರಿನ ಬೇರೆ ಪರೀಕ್ಷೆಗಳೂ ತುಂಬ ಏರಿವೆ. ನಾನು ಕೊಟ್ಟದ್ದು ಬಿಟ್ಟು ಬೇರೆ ಏನಾದರೂ ಮದ್ದು ತೆಗೆದುಕೊಂಡಿರಾ? ಹಳ್ಳಿ ಮದ್ದು, ಕಷಾಯ, ಯಾವುದಾದರೂ?"

ಶೂ ಪೆಟ್ಟಿಗೆಯಲ್ಲಿ ಇನ್ನೂ ಮೂರು ಪೊಟ್ಟಣ ಉಳಿದಿತ್ತು. ಮದ್ದು ಮುಗಿದಿರಲಿಲ್ಲ. ಈಗ ಹೇಳಿದರೆ ಇಷ್ಟು ದಿನ ಕುಡಿದದ್ದೆಲ್ಲ ನೀರಿನಲ್ಲಿ ಹೋಮ. ಬಹುಶಃ ಮೂರು ದಿನ ಕಳೆದರೆ ಇಳಿಯುತ್ತದೆ. ಇಂಥ ಲೆಕ್ಕ ಹಾಕಿ ನಾನು ಹೇಳಿದೆ: "ಇಲ್ಲ ಡಾಕ್ಟ್ರೇ."

ಅವರು ರಿಪೋರ್ಟನ್ನು ಮತ್ತೊಮ್ಮೆ ತಿರುವಿ ನೋಡಿದರು. "ಹಾಗಾದರೆ ಲಿವರೇ ಸೋಲುತ್ತಾ ಇದೆ ಅಂತ ತಿಳಿಯಬೇಕಾಗ್ತದೆ," ಎಂದರು. ಈ ಸ್ಥಿತಿಯಲ್ಲಿ ಕೀಮೋ ಹಾಕುವುದು ಕೊಲ್ಲುವುದಕ್ಕೆ ಸಮ ಎಂದರು. ಮೈಮೂನಾ ಎದ್ದು ನಿಂತು, "ಮತ್ತೆ ಎಂತ ಮಾಡುವುದು?" ಎಂದು ಕೇಳಿದಳು. "ಮಾತ್ರೆ ಮುಂದುವರಿಸುವ. ಮನೆಯಲ್ಲಿ ಚೆನ್ನಾಗಿ ನೋಡಿಕೊಳ್ಳಿ," ಎಂದು ಅವರು ಮೆಲ್ಲಗೆ ಹೇಳಿದರು.

ಹಸಿರು ಅಂಗಿ ಬಿಚ್ಚಿ ನನ್ನ ಶರಟು ಹಾಕಿಕೊಂಡೆ. ಗುಂಡಿಗಳನ್ನು ಮೈಮೂನಾ ಹಾಕಿದಳು.

ಕಾರಿನಲ್ಲಿ ನಾನು ಮುಂದೆ, ಅವಳು ಹಿಂದೆ. ಹನೀಫ್ ಗಾಡಿ ಬಿಡುತ್ತಿದ್ದ. ಡಾಕ್ಟರು ಹೇಳಿದ್ದನ್ನು ಮೈಮೂನಾ ಅವನಿಗೆ ಒಂದೊಂದೇ ಮಾತಾಗಿ ಹೇಳಿದಳು. ಬೇರೆ ಮದ್ದು ತೆಗೆದುಕೊಂಡಿರಾ ಎಂದು ಕೇಳಿದ್ದನ್ನೂ ಹೇಳಿದಳು. ಹನೀಫನ ಕೈ ಸ್ಟಿಯರಿಂಗಿನಿಂದ ಎದ್ದು ಗಡ್ಡ ತುರಿಸಿತು, ಮತ್ತೆ ಕೆಳಗಿಳಿಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಬ್ಬರು ಕಳ್ಳರೂ ಬಾಯಿಬಿಡಲಿಲ್ಲ. ಅವನಿಗೂ ಅದೇ ಕಟ್ಟಳೆ, ಅದೇ ಹೆದರಿಕೆ. ಅವನು ಹೇಳಿದರೆ ಬಾವನ ಮದ್ದು ಕೆಡುತ್ತದೆ.

ಹಿಂದಿನ ಸೀಟಿನಲ್ಲಿ ಮೈಮೂನಾ ಮಗಳಿಗೆ ಫೋನ್ ಮಾಡಿದಳು. ನಾನು ಅಳು ಬರುತ್ತದೆ ಎಂದುಕೊಂಡಿದ್ದೆ. ಅಳಲಿಲ್ಲ. "ಮಂಚವನ್ನು ಕಿಟಕಿಯ ಹತ್ರ ಹಾಕುವ ಸಫಿಯಾ, ಬಾಪನಿಗೆ ಗಾಳಿ ಬರಲಿ. ನೀನು ಕೆಲಸಕ್ಕೆ ರಜೆ ಮಾಡಿ ಬಾ. ಇನ್ನು ಮೆತ್ತಗಿನ ಗಂಜಿಯೇ ಸಾಕಾಗ್ತದೆ ಇವರಿಗೆ," ಎನ್ನುತ್ತಿದ್ದಳು. ಎಷ್ಟು ಶಾಂತವಾಗಿ ಎಂದರೆ, ಮದುವೆಯ ಸಾಮಾನು ಬರೆಸುವವಳ ಹಾಗೆ. ನನ್ನ ಹೆಂಡತಿ ನನ್ನ ಸಾವಿಗೆ ತಯಾರಿ ಮಾಡುತ್ತಿದ್ದಾಳೆ, ಅದೂ ನನ್ನ ಒಂದು ಸುಳ್ಳನ್ನು ನಂಬಿ.

ಬಿ.ಸಿ.ರೋಡ್ ದಾಟಿ ಬಂಟ್ವಾಳದ ತಿರುವು ಕಾಣುವಾಗ, "ಗಾಡಿ ನಿಲ್ಲಿಸು ಹನೀಫ," ಎಂದೆ.

ಅವನು ಬದಿಗೆ ಹಾಕಿ ನಿಲ್ಲಿಸಿದ. ನಾನು ತಿರುಗಿ ಕೂರಲಿಲ್ಲ. ಡ್ಯಾಶ್‌ಬೋರ್ಡ್ ನೋಡಿಕೊಂಡೇ ವೇಣೂರು, ಗಿರಿಜಕ್ಕ, ಪೊಟ್ಟಣ, ಶೂ ಪೆಟ್ಟಿಗೆ, ಎಲ್ಲ ಹೇಳಿದೆ. ಆಮೇಲೆ ಹನೀಫ್, "ಹೇಳಿದ್ದು ನಾನೇ ಅಕ್ಕ," ಎಂದು ಗೊಗ್ಗರು ಸ್ವರದಲ್ಲಿ ಸೇರಿಸಿದ.

ಮೈಮೂನಾ ಚಪ್ಪಲಿ ತೆಗೆದು ಹೊಡೆಯುತ್ತಾಳೆ ಎಂದೇ ನಾನು ಎಣಿಸಿದ್ದೆ, ಹೊಡೆದಿದ್ದರೆ ಸರಿಯೂ ಆಗುತ್ತಿತ್ತು. ಅವಳು ಹೇಳಿದ್ದು ಎರಡೇ ಶಬ್ದ. "ಗಾಡಿ ತಿರುಗಿಸು."

ಆಸ್ಪತ್ರೆಗೆ ಮುಟ್ಟುವಾಗ ಡಾಕ್ಟರ ಹೊತ್ತು ಮುಗಿದಿತ್ತು. ಚೀಟಿ ಬರೆಯುವವರು ನಾಳೆ ಬನ್ನಿ ಎಂದರು. ಮೈಮೂನಾ ಡಾಕ್ಟರ ಕೋಣೆಯ ಎದುರಿನ ಬೆಂಚಿನಲ್ಲಿ ಕೂತಳು, ಏಳಲಿಲ್ಲ. ನಾವಿಬ್ಬರು ಗಂಡಸರು ಗೋಡೆಗೆ ಒರಗಿ ನಿಂತೆವು. ಒಂದೂವರೆ ಗಂಟೆಯಾದ ಮೇಲೆ ಅವರು ಒಳಗಿನಿಂದ ಬಂದರು. ನಾನು ಈ ಸಲ ಅವರ ಮುಖ ನೋಡಿಯೇ ಹೇಳಿದೆ. ಕಷ್ಟವಾಯಿತು, ಆದರೂ ನೋಡಿದೆ.

ಅವರಿಗೆ ಸಿಟ್ಟು ಬಂತೆಂದು ಗೊತ್ತಾಯಿತು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಇವತ್ತಿನಿಂದ ನಿಲ್ಲಿಸಿ. ಉಳಿದ ಪುಡಿ ತಂದು ಕೊಡಿ. ಅದರಲ್ಲಿ ಏನುಂಟು ಅಂತ ಕೇಳಿ ಬನ್ನಿ. ಪ್ರತಿ ವಾರ ರಕ್ತ ನೋಡುವ. ಇದು ಮದ್ದಿನಿಂದ ಏರಿದ್ದಾದರೆ ಇಳಿಯಬಹುದು. ಇಳಿಯದೆಯೂ ಇರಬಹುದು. ನಾನು ಮಾತು ಕೊಡುವುದಿಲ್ಲ," ಎಂದರು. ಆ 'ಬಹುದು' ಎಂಬ ಶಬ್ದವನ್ನು ಹಿಡಿದುಕೊಂಡು ಮನೆಗೆ ಬಂದೆವು.

ಮರುದಿನ ಮೈಮೂನಾ ನನ್ನನ್ನು ಎಳೆದುಕೊಂಡು ವೇಣೂರಿಗೆ ಹೋದಳು. ಗಿರಿಜಕ್ಕ ವಿಷಯ ಕೇಳಿ ಜಗಲಿಯ ಕಂಬ ಹಿಡಿದು ಕೂತರು. "ನಾನು ಕೇಳ್ಲಿಲ್ವಾ ಬ್ಯಾರಿಗಳೇ ನಿಮ್ಮ ಹತ್ರ? ಗಡ್ಡೆ ಉಂಟು ಅಂತ ಹೇಳಿದ್ರೆ ನನ್ನ ಕೈಯಿಂದ ಒಂದು ಚಿಟಿಕೆ ಕೊಡ್ತಿರಲಿಲ್ಲ," ಎಂದು ಕಣ್ಣೀರು ಹಾಕಿದರು. ಅಜ್ಜಿಯ ಕಾಲದಿಂದ ಹೊರಗಿನವರಿಗೆ ಹೇಳದ ಬೇರು ಸೊಪ್ಪುಗಳ ಹೆಸರನ್ನು ಒಂದೊಂದಾಗಿ ಹೇಳಿದರು, ಮೈಮೂನಾ ಬರೆದುಕೊಂಡಳು. ತಪ್ಪು ಆ ಅಮ್ಮನದ್ದಲ್ಲ. ಡಾಕ್ಟರಿಗೆ ಮದ್ದು ಮುಚ್ಚಿಟ್ಟವನೂ ನಾನೇ, ಮದ್ದು ಕೊಟ್ಟವರಿಗೆ ರೋಗ ಮುಚ್ಚಿಟ್ಟವನೂ ನಾನೇ.

ಆಮೇಲೆ ವಾರಗಳ ಲೆಕ್ಕ ಶುರುವಾಯಿತು. ಪ್ರತಿ ಸೋಮವಾರ ಬೆಳ್ತಂಗಡಿಯ ಲ್ಯಾಬಿನಲ್ಲಿ ರಕ್ತ ಕೊಡುವುದು, ಸಂಜೆ ರಿಪೋರ್ಟ್. ಮೊದಲ ವಾರ ಐದು. ಏರಿತ್ತು! ಅಂದು ನಾನು ಅಂಗಡಿ ಮುಚ್ಚಿ ನದಿಯ ಬದಿಗೆ ಹೋಗಿ ಕೂತು ಅತ್ತೆ. ಎರಡನೆಯ ವಾರ ನಾಲ್ಕು. ಮೂರನೆಯ ವಾರ ಮೂರಕ್ಕಿಂತ ಸ್ವಲ್ಪ ಮೇಲೆ. ಆ ಹೊತ್ತಿನಲ್ಲಿ ಗಡ್ಡೆ ಒಳಗೆ ಬೆಳೆಯುತ್ತಲೇ ಇರುತ್ತದಲ್ಲ, ಅದೊಂದು ಹೆದರಿಕೆ ಬೇರೆ. ಶೇಖರಣ್ಣನಿಗೂ ಎಲ್ಲ ಹೇಳಿಬಿಟ್ಟೆ, ಕುಡಿತವಲ್ಲ, ವೈರಸ್ ಎಂದೂ ಹೇಳಿದೆ. ಅವರು ನಾಚಿಕೆಪಟ್ಟು, ಮರುದಿನ ತಾವೇ ಹೋಗಿ ಹೆಪಟೈಟಿಸ್ ಪರೀಕ್ಷೆ ಮಾಡಿಸಿಕೊಂಡು ಬಂದರು. ನಂತರ ಸೋಮವಾರಗಳಲ್ಲಿ ರಿಪೋರ್ಟ್ ತರಲು ನನ್ನ ಬದಲು ಅವರೇ ಹೋಗುತ್ತಿದ್ದರು. ಐದನೆಯ ವಾರ ಅವರು ರಸ್ತೆಯ ಆಚೆಯಿಂದಲೇ ಕೂಗಿದರು: "ಒಂದು ಪಾಯಿಂಟ್ ಎಂಟು, ಹಸನಾಕ! ಎರಡರ ಒಳಗೆ!" ಚಪ್ಪಲಿ ಹಾಕಿ ನೋಡುತ್ತಿದ್ದ ಗಿರಾಕಿ ಬಾಯಿ ತೆರೆದು ನಮ್ಮಿಬ್ಬರನ್ನೂ ನೋಡಿದ.

ಚಿಕಿತ್ಸೆಯ ಕೋಣೆ ಚಳಿ. ನಿದ್ದೆ ಬರಿಸುವುದಿಲ್ಲ, ತೊಡೆಯ ಸಂದು ಮಾತ್ರ ಮರಗಟ್ಟಿಸುತ್ತಾರೆ. ಸೂಜಿ ಚುಚ್ಚಿದ್ದು ಗೊತ್ತಾಯಿತು, ನಳಿಕೆ ಒಳಗೆ ಹೋದದ್ದು ಗೊತ್ತಾಗಲಿಲ್ಲ. "ಈಗ ಹೊಟ್ಟೆ ಬಿಸಿಯಾದ ಹಾಗೆ ಆಗ್ತದೆ, ಹೆದರಬೇಡಿ," ಎಂದರು, ಹಾಗೆಯೇ ಆಯಿತು. ತಲೆಯ ಹತ್ತಿರ ನಿಂತಿದ್ದ ನರ್ಸಮ್ಮ ನನ್ನ ಹಣೆಯ ಬೆವರನ್ನು ಎರಡು ಸಲ ಒರೆಸಿದರು. ಅವರ ಮುಖ ನೆನಪಿಲ್ಲ, ಆ ಕೈ ಮಾತ್ರ ನೆನಪುಂಟು. ಆಮೇಲೆ ಆರು ಗಂಟೆ ಕಾಲು ಮಡಚದೆ ಮಲಗಬೇಕು. ಮರುದಿನ ಬಲಪಕ್ಕೆಯಲ್ಲಿ ನೋವು, ಜ್ವರ, ವಾಂತಿ. ಗಡ್ಡೆ ಸಾಯುವಾಗ ಹೀಗೆ ಆಗುತ್ತದೆಂದು ಮೊದಲೇ ಹೇಳಿದ್ದರು. ಹೇಳಿದ್ದರೂ ನೋವು ನೋವೇ. ನಾಲ್ಕು ದಿನ ನಾನು ಎಲ್ಲರಿಗೂ ಬೈದೆ. ಮೈಮೂನಾ ಬಟ್ಟಲು ಹಿಡಿದು ಪಕ್ಕದಲ್ಲಿದ್ದಳು, ಆದರೆ ಬಂಟ್ವಾಳದ ಆ ದಿನದ ಬಗ್ಗೆ ಒಂದು ಮಾತೂ ಎತ್ತಲಿಲ್ಲ. ನನ್ನನ್ನು ಕ್ಷಮಿಸಿದ್ದಾಳೋ ಇಲ್ಲವೋ ಎಂದೂ ತಿಳಿಯಲಿಲ್ಲ.

ಒಂದು ತಿಂಗಳು ಬಿಟ್ಟು ಮತ್ತೆ ಸ್ಕ್ಯಾನ್. ಕಾಯುವ ಕೋಣೆಯಲ್ಲಿ ಕೂತು ನಾನು ನೆಲದ ಹಂಚು ಎಣಿಸುತ್ತಿದ್ದೆ. ಒಳಗೆ ಕರೆದಾಗ ಡಾಕ್ಟರು ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. "ಮದ್ದು ಹೋಗಿ ಕೂತ ಜಾಗ ಇದು. ಇಲ್ಲಿ ಗಡ್ಡೆಗೆ ಜೀವ ಇಲ್ಲ. ಅಂಚಿನಲ್ಲಿ ಒಂದು ಚೂರು ಸಂಶಯ ಉಂಟು, ಬೇಕಾದರೆ ಇನ್ನೊಮ್ಮೆ ಮಾಡುವ. ಈಗ ಮೂರು ತಿಂಗಳು ಬಿಟ್ಟು ಬನ್ನಿ." ಆ ಅಂಚಿಗೆ ಆಮೇಲೆ ಇನ್ನೊಮ್ಮೆ ಮಾಡಿಸಿಯೂ ಆಯಿತು. ಈಗ ಮೂರು ಮೂರು ತಿಂಗಳ ಬದುಕು ನನ್ನದು. ಪ್ರತಿ ಸಲ ಸ್ಕ್ಯಾನಿನ ವಾರ ಬಂದರೆ ಮತ್ತೆ ಅಂಗಡಿಯ ಆ ಕನ್ನಡಿಯ ಮುಂದೆ ಮಂಡಿಯೂರುತ್ತೇನೆ.

ಆ ಮೊದಲ ಸ್ಕ್ಯಾನ್ ತೋರಿಸಿದ ದಿನ ಹೊರಗೆ ಬಂದು ಮೆಟ್ಟಿಲ ಹತ್ತಿರದ ಬೆಂಚಿನಲ್ಲಿ ಕೂತೆವು. ಹನೀಫ್ ಗಾಡಿ ತರಲು ಹೋಗಿದ್ದ. ಮೈಮೂನಾ ಮುಸುಕಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು, ಹೆಗಲು ಕುಲುಕುತ್ತಿತ್ತು. ನಾಲ್ಕು ತಿಂಗಳಲ್ಲಿ ಅವಳು ಅತ್ತದ್ದನ್ನು ನೋಡಿದ್ದು ಅದೇ ಮೊದಲು.

"ಒಳ್ಳೆಯದೇ ಹೇಳಿದ್ರಲ್ಲ ಮಾರಾಯ್ತಿ, ಇನ್ನೆಂತಕ್ಕೆ ಅಳು?" ಎಂದೆ.

ಅವಳು ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ಅವತ್ತು ನೀವು ಗಾಡಿಯಲ್ಲಿ ಬಾಯಿ ಬಿಡದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ. ಡಾಕ್ಟರು ಹೇಳಿದ್ರಲ್ಲ, ಹಾಗೆಯೇ ನಾನು ನಿಮ್ಮನ್ನು ಮನೆಯಲ್ಲಿ ಚೆನ್ನಾಗಿ ನೋಡಿಕೊಳ್ತಿದ್ದೆ," ಎಂದಳು. "ಕಡೆಯವರೆಗೂ ಚೆನ್ನಾಗಿ ನೋಡಿಕೊಳ್ತಿದ್ದೆ."